ಸಾಧಾರಣ ಮೈಕಟ್ಟು

ನಮ್ಮ ಭಾವನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದರೆ ಈ ಕಥೆ ಅಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಹಿಡಿಯದೆ ಬಿಟ್ಟುಬಿಟ್ಟರು. ನಮ್ಮ ಮನೆಗೆ ಗ್ರಹಚಾರ ವಕ್ಕರಿಸಿದ್ದು ಅಲ್ಲಿಂದಲೇ.

ಆದದ್ದಿಷ್ಟು. ಬೀದಿಯ ತುದಿಯ ಅಂಗಡಿ ಮುಂದೆ ನಿಲ್ಲಿಸಿದ್ದ ಸೈಕಲ್ಲೊಂದು ಕಳುವಾಯಿತು. ಬೆಳಗ್ಗೆ ಎಲ್ಲರೂ ನಲ್ಲಿಯ ಮುಂದೆ ಬಕೆಟ್ ಇಟ್ಟುಕೊಂಡು ಜಗಳಕ್ಕೆ ವಿಷಯ ಹುಡುಕುತ್ತಿದ್ದಾಗ ಪೇದೆಯೊಬ್ಬ ಸೈಕಲ್ ಕಳೆದುಕೊಂಡವನನ್ನು ಜೊತೆಗೆ ಹಾಕಿಕೊಂಡು ಬಂದ. ಗಂಟಲು ಸರಿಮಾಡಿಕೊಂಡು ಕಳ್ಳನ ಚಹರೆ ಹೇಳಿದ.

"ಸಾಧಾರಣ ಮೈಕಟ್ಟು. ಸಾಧಾರಣ ಎತ್ತರ. ಮುಖ ದುಂಡಗೂ ಇಲ್ಲ, ಕೋಲೂ ಅಲ್ಲ. ಒಂದ್ಸಲ ನೋಡಿದ್ರೆ ನೆನಪಲ್ಲಿ ಉಳಿಯೋ ಅಂಥದ್ದು ಏನೂ ಇಲ್ಲ. ಇಂಥೋನು ಯಾರಾದ್ರೂ ಗೊತ್ತಾ?"

ಇಡೀ ಬೀದಿ, ಯಾರೂ ಯಾರಿಗೂ ಹೇಳಿಕೊಡದೆ, ಒಟ್ಟಿಗೆ ನಮ್ಮ ಬಾಗಿಲ ಕಡೆ ತಿರುಗಿತು. ಹಾಡಿನ ಸೀನಿನಲ್ಲಿ ಹೀರೋ ಹಿಂದೆ ಕುಣಿಯುವವರೂ ಅಷ್ಟು ನೀಟಾಗಿ ತಿರುಗುವುದಿಲ್ಲ.

"ಅಯ್ಯೋ, ಇದು ಈ ಮನೆಯವನೇ ಅಲ್ವಾ!" ಎಂದಳು ಎದುರು ಮನೆಯ ರೇಡಿಯೋ ಅಜ್ಜಿ. ಬೀದಿಯ ಸುದ್ದಿಯೆಲ್ಲ ಪ್ರಸಾರವಾಗುವುದು ಅವಳ ಬಾಯಿಂದ. ಜಾಹೀರಾತಿಗೂ ಬಿಡುವು ಕೊಡದ ಸ್ಟೇಷನ್ನು ಅದು.

ಸರಿಯಾಗಿ ಅದೇ ಹೊತ್ತಿಗೆ ಭಾವನ ಎಂಟ್ರಿ. ಹೀರೋ ಬಂದರೆ ಗಾಜು ಒಡೆಯಬೇಕು, ಗಾಳಿ ಬೀಸಬೇಕು, ನಾಯಿ ಓಡಬೇಕು. ಭಾವ ಬಂದರೆ ನಮ್ಮ ಮನೆ ಬಾಗಿಲು ಕೂಡ ಕಿರ್ ಅನ್ನುವುದಿಲ್ಲ. ಬಾಯಲ್ಲಿ ಬ್ರಷ್, ಗಲ್ಲದ ಮೇಲೆ ನೊರೆ. ಪೇದೆ ಅವನನ್ನು ಮೇಲಿಂದ ಕೆಳಗೆ ನೋಡಿ, ಸೈಕಲ್ಲಿನವನನ್ನು ಕೇಳಿದ, "ಇವನೇನಾ?"

ಸೈಕಲ್ಲಿನವನು ಹತ್ತಿರ ಬಂದ, ದೂರ ಹೋದ, ತಲೆ ಓರೆ ಮಾಡಿ ನೋಡಿದ. "ಇವನೇ ಇರಬಹುದು ಸಾರ್. ಅಲ್ಲದೇನೂ ಇರಬಹುದು. ನಾನು ಈಗ ಆ ಕಡೆ ತಿರುಗಿ ಈ ಕಡೆ ತಿರುಗಿದ್ರೆ ಇವನು ಯಾರು ಅಂತಾನೇ ಹೇಳೋಕಾಗಲ್ಲ."

ಭಾವ ನೊರೆ ನುಂಗಿ, "ಸಾರ್, ನಾನು ಸ್ಟೇಷನ್ನಿಗೆ ಬರ್ಲಾ?" ಎಂದ.

"ಹೋಗಯ್ಯ ಒಳಗೆ," ಎಂದ ಪೇದೆ. "ನಿನ್ನಂಥೋರನ್ನೆಲ್ಲ ಹಿಡಿಯೋಕೆ ಹೊರಟ್ರೆ ಸ್ಟೇಷನ್ ಸಾಲಲ್ಲ, ಸ್ಟೇಡಿಯಂ ಬೇಕು."

ಬೀದಿಗೆ ಬೀದಿಯೇ ನಕ್ಕಿತು. ನಲ್ಲಿಯೂ ಸೊರಸೊರ ಎಂದು ನಕ್ಕ ಹಾಗೆ ಕೇಳಿಸಿತು. ಭಾವ ಒಳಗೆ ಬಂದು ಕುರ್ಚಿಯಲ್ಲಿ ಕುಸಿದ.

"ಬಿಟ್ರಲ್ಲ, ಪುಣ್ಯ ಅನ್ನಿ," ಎಂದಳು ಅಕ್ಕ.

"ಅನುಮಾನ ಕೂಡ ಪಡಲಿಲ್ಲ ಕಣೇ! ಒಂದು ಚೂರು ಅನುಮಾನ ಪಟ್ಟಿದ್ರೆ ಅವರ ಗಂಟೇನು ಹೋಗ್ತಿತ್ತು?"

ಇಲ್ಲಿ ಭಾವನ ಕೆಲಸದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನ ರೀಲು ಅರ್ಥವಾಗುವುದಿಲ್ಲ. ಅವನು ರೆಡಿಮೇಡ್ ಅಂಗಿ ಕಾರ್ಖಾನೆಯಲ್ಲಿ ಅಳತೆಯ ಮನುಷ್ಯ. ಹೊಸ ಅಂಗಿ ಹೊಲಿಯುವ ಮುಂಚೆ ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಅವನ ಮೈಗೆ ಸರಿಯಾಗಿ ಕತ್ತರಿಸುತ್ತಾರೆ. ಅದಕ್ಕೆ ಕತ್ತಿನ ಪಟ್ಟಿಯಲ್ಲಿ 'ಸಾಧಾರಣ' ಎಂಬ ಚೀಟಿ. ಅದರಿಂದ ಸ್ವಲ್ಪ ಕಳೆದರೆ 'ಸಣ್ಣ', ಸ್ವಲ್ಪ ಕೂಡಿಸಿದರೆ 'ದೊಡ್ಡ'. ಅಂದರೆ ಊರಿನ ಗಂಡಸರೆಲ್ಲ ಒಂದೋ ಭಾವ, ಇಲ್ಲವೇ ಕಳೆದ ಭಾವ, ಇಲ್ಲವೇ ಕೂಡಿದ ಭಾವ. ಕಾರ್ಖಾನೆಯ ನಿಯಮ ಒಂದೇ: ಅಂಗಿ ತಪ್ಪಿರಬಹುದು, ಅಳತೆಯ ಮನುಷ್ಯ ತಪ್ಪಿರುವುದಿಲ್ಲ. ಅಂಗಿ ಕೂರದಿದ್ದರೆ ಅಂಗಿಯನ್ನೇ ತಿದ್ದಬೇಕು.

ಭಾವ ಮಾಡಬೇಕಾದದ್ದು ಇಷ್ಟೇ: ದಪ್ಪಗಾಗಬಾರದು, ತೆಳ್ಳಗಾಗಬಾರದು. ಒಮ್ಮೆ ಅವನಿಗೆ ಜ್ವರ ಬಂದಾಗ ಮ್ಯಾನೇಜರೇ ಬ್ರೆಡ್ಡು ಹಿಡಿದುಕೊಂಡು ಮನೆಗೆ ಓಡಿಬಂದು, ಎದುರಿಗೆ ಕೂತು ತಿನ್ನಿಸಿದ್ದ. ಬೇರೆ ಕೆಲಸ ಭಾವನಿಗೆ ಬರುವುದಿಲ್ಲ. ಒಂದು ಮೊಳೆ ಹೊಡೆಯಲು ಹೇಳಿದರೂ ಗೋಡೆ ಗೆಲ್ಲುತ್ತದೆ. ಮನೆ ನಡೆಯುವುದು ಅವನು ನಿಲ್ಲುವುದರಿಂದ. ನಾನೂ ಅದೇ ಕಾರ್ಖಾನೆಯಲ್ಲಿ ಅಂಗಿಗೆ ರಟ್ಟಿಟ್ಟು, ಪಿನ್ನು ಚುಚ್ಚಿ ಮಡಿಸುತ್ತೇನೆ. ಆ ಪಿನ್ನುಗಳಲ್ಲಿ ಒಂದನ್ನು ಯಾವಾಗಲೂ ಗ್ರಾಹಕರು ಹುಡುಕಲಾರದ ಜಾಗದಲ್ಲಿ ಚುಚ್ಚುತ್ತೇನೆ. ಕಲಾವಿದನಿಗೆ ಒಂದು ಸಹಿ ಬೇಡವೇ?

ಅಂದು ಸಂಜೆ ಭಾವ ನನ್ನನ್ನೂ ಎಳೆದುಕೊಂಡು ಮೇಲಿನ ಮನೆಯ ನಿವೃತ್ತ ಕನ್ನಡ ಮೇಷ್ಟ್ರ ಬಾಗಿಲು ಬಡಿದ.

"ಮೇಷ್ಟ್ರೇ, ಸಾಧಾರಣ ಅಂದ್ರೆ ಏನು?"

ಮೇಷ್ಟ್ರು ಬನಿಯನ್ನಿನಲ್ಲಿದ್ದರು. ರಿಟೈರಾದ ಮೇಲೆ ಅವರ ಹತ್ತಿರ ಒಂದು ಪದದ ಅರ್ಥ ಕೇಳಲು ಯಾರೂ ಬಂದಿರಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು "ಮೇಷ್ಟ್ರೇ, ನೀರು ಬಂತಾ?" ಅಂತ ಮಾತ್ರ. ಅವರ ಕಣ್ಣು ತೇವವಾಯಿತು. ಒಳಗೆ ಹೋಗಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದರು.

"ಸಾಧಾರಣ! ಆಹಾ! ಕೂತ್ಕೊಳ್ಳಿ. ಸಂಸ್ಕೃತದಿಂದ ಬಂದದ್ದು. 'ಸ' ಅಂದ್ರೆ ಜೊತೆಗೆ. ಆಧಾರ ಅಂದ್ರೆ ಆಸರೆ. ಎಲ್ಲರೂ ಸೇರಿ ಒಂದೇ ಆಸರೆ ಮೇಲೆ ನಿಂತಿದ್ದಾರೆ ಅನ್ನಿ, ಅದು ಸಾಧಾರಣ. ರಸ್ತೆ ಸಾಧಾರಣ, ಬಾವಿ ಸಾಧಾರಣ, ಗಾಳಿ ಸಾಧಾರಣ. ಎಲ್ಲರಿಗೂ ಸೇರಿದ್ದು! ಎಂಥಾ ದೊಡ್ಡ ಮಾತು ನೋಡಿ!"

"ಹಂಗಾದ್ರೆ ಪೇದೆ ನನ್ನ ಹೊಗಳಿದ್ನಾ?"

"ಅದು... ಬಳಕೆಯಲ್ಲಿ ಸವೆದು ಹೋಯ್ತು ಕಣಪ್ಪಾ. ಎಲ್ಲರಿಗೂ ಸೇರಿದ್ದು ಅನ್ನೋದು ಹೋಗಿ ಯಾರಿಗೂ ಬೇಡದ್ದು ಅಂತಾಯ್ತು. ಈಗ ಸಾಧಾರಣ ಜ್ವರ, ಸಾಧಾರಣ ಮಳೆ, ಸಾಧಾರಣ ಮೈಕಟ್ಟು. ಹೆಂಡತಿ ಅಡಿಗೆ ಹೇಗಿದೆ ಅಂತ ಕೇಳಿದಾಗ 'ಸಾಧಾರಣ' ಅಂದು ನೋಡು, ಗೊತ್ತಾಗುತ್ತೆ."

"ಸಾಮಾನ್ಯ ಅಂದ್ರೆ?"

"ಸಮಾನದಿಂದ ಬಂದದ್ದು. ಅದಕ್ಕೂ ಇದೇ ಗತಿ."

"ಮಾಮೂಲಿ?"

"ಅದು ಅರಬ್ಬಿ ಕಡೆಯದು. ಅದರ ಗತಿ ಕೇಳಲೇಬೇಡ."

ಭಾವ ಕೊನೆಯ ಪ್ರಶ್ನೆ ಕೇಳಿದ. "ಅಸಾಧಾರಣ ಅಂದ್ರೆ?"

"ಬೇರೆ ಯಾರ ಜೊತೆಗೂ ಹಂಚಿಕೊಳ್ಳದ್ದು. ಒಬ್ಬನಿಗೇ ಸೇರಿದ್ದು. ಆದ್ರೆ ಕೇಳು, ಅದರಲ್ಲಿ ಒಂದು ಒಂಟಿತನ..."

ಭಾವ ಆಗಲೇ ಮೆಟ್ಟಿಲಿಳಿಯುತ್ತಿದ್ದ. ಮೇಷ್ಟ್ರ ಪಾಠ ಕೇಳಿದ ಎಷ್ಟೋ ತಲೆಮಾರಿನ ಹಾಗೆ ಅವನೂ ತನಗೆ ಬೇಕಾದ ಒಂದು ಸಾಲು ಹಿಡಿದುಕೊಂಡು ಮಿಕ್ಕದ್ದನ್ನು ಅಲ್ಲೇ ಬಿಟ್ಟು ಬಂದಿದ್ದ.

ಮಾರನೇ ದಿನದಿಂದ ಭಾವ ಎದೆ ಉಬ್ಬಿಸಿ, ಹೊಟ್ಟೆ ಒಳಗೆಳೆದು, ಭುಜ ಹಿಂದಕ್ಕೆ ತಳ್ಳಿ ಓಡಾಡತೊಡಗಿದ. ಉಸಿರು ಒಳಗೆ ಹೋದದ್ದು ಹೊರಗೆ ಬರುತ್ತಿರಲಿಲ್ಲ. ಮಾತೆಲ್ಲ ಮೂಗಿನಿಂದ.

"ರೀ, ಬೆನ್ನು ಹಿಡ್ಕೊಂಡಿದ್ಯಾ? ಮುಲಾಮು ಹಚ್ಲಾ?" ಎಂದಳು ಅಕ್ಕ.

"ಇದು ಪರ್ಸನಾಲಿಟಿ," ಎಂದಿತು ಮೂಗು.

"ಭಾವ, ಉಸಿರು ಬಿಡಿ. ವಿಲನ್ ಕೂಡ ಡೈಲಾಗಿನ ಮಧ್ಯೆ ಉಸಿರಾಡ್ತಾನೆ," ಎಂದೆ.

"ಬಿಡಲ್ಲ."

ರೇಡಿಯೋ ಅಜ್ಜಿ ಮಧ್ಯಾಹ್ನದ ಬುಲೆಟಿನ್ನಿನಲ್ಲಿ, ಪಾಪ ಅವನಿಗೆ ಹೊಟ್ಟೆಯಲ್ಲಿ ಗಾಳಿ ಸೇರಿಕೊಂಡಿದೆ ಎಂದು ಪ್ರಸಾರ ಮಾಡಿದಳು. ಸಂಜೆಯ ಬುಲೆಟಿನ್ನಿನಲ್ಲಿ ಆಪರೇಷನ್ ಆಗಿತ್ತು. ನಾಲ್ಕು ಮನೆಯವರು ಹಣ್ಣು ಹಿಡಿದುಕೊಂಡು ನೋಡಲು ಬಂದರು. ಬಂದವರೆಲ್ಲ, "ಪರವಾಗಿಲ್ವೇ, ಈಗ ಸಾಧಾರಣ ಆರಾಮ ತಾನೇ?" ಎಂದರು. ಭಾವ ಇನ್ನೂ ಒಂದು ಗುಕ್ಕು ಉಸಿರು ಒಳಗೆಳೆದ.

ಇಷ್ಟೇ ಆಗಿದ್ದರೆ ಬರೀ ಕಾಮಿಡಿ ಟ್ರ್ಯಾಕು. ಆದರೆ ಅದೇ ವಾರ ಕಾರ್ಖಾನೆಗೆ ಹಿಂದೆಂದೂ ಬಾರದಷ್ಟು ದೊಡ್ಡ ಆರ್ಡರ್ ಬಂತು. ಸ್ಯಾಂಪಲ್ ಕೋಣೆಗೆ ಭಾವನಿಗೆ ಕರೆ ಬಂತು.

ಕಟಿಂಗ್ ಮಾಸ್ಟರಿಗೆ ಕಣ್ಣು ಮಂದ. ಆತ ನಂಬುವುದು ಟೇಪನ್ನು ಮಾತ್ರ. ಇಷ್ಟು ವರ್ಷ ಭಾವನ ಕತ್ತಿನಿಂದ ಕೆಳಗೆ, ಸೊಂಟದಿಂದ ಮೇಲೆ ಅಳೆದಿದ್ದಾನೆಯೇ ಹೊರತು ಮುಖ ನೋಡಿದವನಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಭಾವ ನಮಸ್ಕಾರ ಹೊಡೆದಾಗ, ಭುಜ ಮುಟ್ಟಿ ನೋಡಿದ ಮೇಲೆಯೇ ಗುರುತು ಹಿಡಿದಿದ್ದ.

ಹಳೆಯ ಕಾಗದದ ಅಚ್ಚಿನ ಮೇಲೆ ಕತ್ತರಿಸಿದ ಅಂಗಿಯನ್ನು ತೊಡಿಸಿದರು. ಎದೆ ಹತ್ತಿರ ಬಿಗಿಯಿತು. ಹೊಟ್ಟೆ ಹತ್ತಿರ ಟೆಂಟಾಯಿತು.

"ಏನಯ್ಯಾ, ಏನಾದ್ರೂ ಬದಲಾಗಿದ್ಯಾ?" ಎಂದ ಮಾಸ್ಟರ್.

"ಊಹೂಂ," ಎಂದಿತು ಮೂಗು.

"ಹಂಗಾದ್ರೆ ಅಚ್ಚು ತಪ್ಪಿದೆ."

ಮಾಸ್ಟರ್ ಎದೆ ಬಿಡಿಸಿದ. ಹೊಟ್ಟೆ ಕಿರಿದು ಮಾಡಿದ. ಬೆನ್ನಿಗೆ ಕಮಾನು ಕೊಟ್ಟ. ತೋಳುಗಳನ್ನು ಹಿಂದಕ್ಕೆ ಕೂರಿಸಿದ. ಮ್ಯಾನೇಜರ್ ಬಂದು ಸುತ್ತಲೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದ. "ಏನ್ ಫಿಟ್ಟಿಂಗ್ ಕಣಯ್ಯಾ! ಕತ್ತರಿಸಿ, ಎಲ್ಲಾ ಬಟ್ಟೇನೂ ಕತ್ತರಿಸಿ!"

ಭಾವ ಸ್ಟೂಲಿನಿಂದ ಇಳಿದು, ಗಂಭೀರವಾಗಿ ನಡೆದು, ನೀರಿನ ಟ್ಯಾಂಕಿನ ಹಿಂದೆ ಹೋಗಿ ಉಸಿರು ಬಿಟ್ಟ. ಅಲ್ಲಿ ಒಣಗುತ್ತಿದ್ದ ಎಲೆಗಳು ಹಾರಿದವು.

ಅಂಗಿಗಳು ಅಂಗಡಿಗೆ ಹೋದವು. ಜನ ಮುಗಿಬಿದ್ದು ಕೊಂಡರು. ಆಮೇಲೆ ನಾನು ಕಂಡ ದೃಶ್ಯಕ್ಕೆ ಯಾವ ಡೈರೆಕ್ಟರೂ ಆ್ಯಕ್ಷನ್ ಹೇಳಲಾರ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಕ್ಷೌರದಂಗಡಿಯಲ್ಲಿ ಗಂಡಸರೆಲ್ಲ ಎದೆ ಉಬ್ಬಿಸಿ, ಹೊಟ್ಟೆ ಒಳಗೆಳೆದು, ಕಣ್ಣು ಹೊರಬಿಟ್ಟು ನಿಂತಿದ್ದಾರೆ. ಯಾರೂ ಮಾತಾಡುತ್ತಿಲ್ಲ, ಎಲ್ಲರದ್ದೂ ತಲೆಯಾಡಿಸುವಿಕೆ. ಉಸಿರು ಬಿಟ್ಟರೆ ಬಟನ್ನು ಹಾರುತ್ತದೆ. ಇಡೀ ಊರು ಒಂದು ದಿನದ ಮಟ್ಟಿಗೆ ಅಸಾಧಾರಣವಾಯಿತು.

ಸಿವಿಲ್ ಡ್ರೆಸ್ಸಿನಲ್ಲಿ ಕಳ್ಳನನ್ನು ಹುಡುಕಲೆಂದು ಅದೇ ಪೇದೆ ಅದೇ ಅಂಗಿ ಹಾಕಿಕೊಂಡು ನಮ್ಮ ಬೀದಿಗೆ ಬಂದ. ಕೊನೆಗೂ ಸೈಕಲ್ ಕಳ್ಳ, ಕದ್ದ ಸೈಕಲ್ಲಿನ ಸಮೇತ, ಎದುರಿಗೇ ಸಿಕ್ಕಿದ. "ಏಯ್!" ಎಂದು ಕೂಗಿದ್ದೇ ತಡ, ಬಟನ್ನು ಸಿಡಿದು ಕಳ್ಳನ ಹಣೆಗೆ ಬಡಿಯಿತು. ಗುಂಡು ಹಾರಿಸಿದರೆಂದು ತಿಳಿದ ಕಳ್ಳ ಕೈ ಮೇಲೆತ್ತಿ ಶರಣಾದ. ಪೇದೆ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಿದ್ದರಿಂದ ಹಿಡಿಯಲು ಕೈ ಉಳಿದಿರಲಿಲ್ಲ. ಕಳ್ಳ ಸ್ವಲ್ಪ ಹೊತ್ತು ಕಾದು, ಬೇಜಾರಾಗಿ ಹೊರಟುಹೋದ.

ಮೇಷ್ಟ್ರೂ ಒಂದು ಕೊಂಡಿದ್ದರು. ಹಾಕಿಕೊಂಡವರು ಕೂರಲಾರದೆ, ಬಗ್ಗಲಾರದೆ, ಗೋಡೆಗೆ ಒರಗಿಸಿಟ್ಟ ಏಣಿಯ ಹಾಗೆ ಮಧ್ಯಾಹ್ನವಿಡೀ ನಿಂತಿದ್ದರು. ಕೊನೆಗೆ ಅಕ್ಕ ಕತ್ತರಿ ತಂದು ಬಿಡಿಸಿದಳು.

ಮಾರನೇ ದಿನ ಅಂಗಿಗಳು ಗಾಡಿಗಟ್ಟಲೆ ವಾಪಸ್ ಬಂದವು. ಮ್ಯಾನೇಜರ್ ಭಾವನನ್ನು ಸ್ಟೂಲು ಹತ್ತಿಸಿ, ಸುತ್ತ ನಾಲ್ಕು ಸಲ ತಿರುಗಿದ.

"ನಿಜ ಹೇಳು. ಅವತ್ತು ಏನು ಮಾಡ್ದೆ?"

"ಉಸಿರು ಹಿಡ್ಕೊಂಡಿದ್ದೆ ಸಾರ್."

"ಯಾಕೆ?"

"ಅಸಾಧಾರಣ ಆಗೋಣ ಅಂತ."

ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತು ವಾಪಸ್ ಬಂದ ಅಂಗಿಯ ಗುಡ್ಡೆಯ ಮೇಲೆ ಕೂತ. ಕೂಡಲೇ ಎದ್ದ. ನನ್ನ ಸಹಿ ಸಿಕ್ಕಿತ್ತು. "ಅಯ್ಯಾ ಪುಣ್ಯಾತ್ಮ! ಅಸಾಧಾರಣ ಆದೋರು ಬೀದಿಗೊಬ್ಬರು ಸಿಗ್ತಾರೆ. ಎಲ್ಲೂ ಉಬ್ಬಿಲ್ಲದ, ಎಲ್ಲೂ ತಗ್ಗಿಲ್ಲದ, ಅಪ್ಪಟ ಸಾಧಾರಣ ಸಿಕ್ಕಿದ್ದು ನೀನೊಬ್ಬನೇ. ಅದಕ್ಕೇ ಸಂಬಳ ಕೊಡ್ತಿರೋದು! ನಾಡಿದ್ದು ಹೊಸ ಸ್ಯಾಂಪಲ್. ಮೊದಲಿನ ಹಾಗೆ ನಿಂತ್ರೆ ಕೆಲಸ ಇದೆ. ಇಲ್ಲಾಂದ್ರೆ ಇಲ್ಲ."

ಕೇಳಲು ಎಷ್ಟು ಸುಲಭ. ಭಾವ ಮನೆಗೆ ಬಂದು ಹಾಲಿನ ಮಧ್ಯೆ ನಿಂತ. ಪಾಸ್‌ಪೋರ್ಟ್ ಫೋಟೋದವನ ಹಾಗೆ ನಿಂತ. ಮನೆ ಕಾಯುವವನ ಹಾಗೆ ನಿಂತ. ಮೂತ್ರಕ್ಕೆ ಅವಸರವಾದವನ ಹಾಗೂ ಒಮ್ಮೆ ನಿಂತ.

"ಅಯ್ಯೋ, ಹಂಗಲ್ಲ! ಸುಮ್ನೆ, ಸಾಧಾರಣವಾಗಿ ನಿಂತ್ಕೊಳ್ರೀ!" ಎಂದಳು ಅಕ್ಕ.

"ಸಾಧಾರಣವಾಗಿ ಅಂದ್ರೆ ಹೆಂಗೆ?"

"ಮೊದಲು ನಿಲ್ತಿದ್ರಲ್ಲ, ಹಂಗೆ."

"ಹೆಂಗೆ ನಿಲ್ತಿದ್ದೆ?"

ಅಕ್ಕ ನನ್ನ ಕಡೆ ನೋಡಿದಳು. ನಾನು ಫ್ಯಾನ್ ಕಡೆ ನೋಡಿದೆ. ಮದುವೆ ಫೋಟೋ ತೆಗೆದು ನೋಡಿದೆವು. ಎಲ್ಲದರಲ್ಲೂ ಭಾವ ಯಾರದೋ ಭುಜದ ಹಿಂದೆ ಅರ್ಧ ಕಿವಿಯಾಗಿದ್ದ. ಒಂದರಲ್ಲಿ ಪೂರ್ತಿ ಇದ್ದಾನೆಂದು ಖುಷಿಪಟ್ಟರೆ ಅದು ಛತ್ರದ ಮ್ಯಾನೇಜರ್.

ರೇಡಿಯೋ ಅಜ್ಜಿಯನ್ನು ಕರೆಸಿದೆವು. ಬೀದಿಯಲ್ಲಿ ಯಾರು ಯಾವಾಗ ಯಾವ ಕಾಲಿನ ಮೇಲೆ ನಿಂತಿದ್ದರೆಂದು ಹೇಳಬಲ್ಲ ಅಜ್ಜಿ ಕಣ್ಣು ಮುಚ್ಚಿ ಯೋಚಿಸಿದಳು. "ನಿಮ್ಮ ಮನೆಗೆ ಗಂಡಸು ದಿನಾ ಬರೋದು ಗೊತ್ತು. ಆದ್ರೆ ನೋಡಿದ ನೆನಪು ಬರ್ತಿಲ್ಲ ಕಣೇ," ಎಂದಳು. ಅವಳ ಸ್ಟೇಷನ್ನಿನಲ್ಲಿ ಪ್ರಸಾರ ನಿಂತದ್ದು ಅದೇ ಮೊದಲು.

ಭಾವ ಗೋಡೆಯ ಕಡೆ ತಿರುಗಿ ಕೂತ. ಅಕ್ಕ ಅವನ ತಟ್ಟೆ ತಂದಿಟ್ಟಳು. "ನಾನಾದ್ರೂ ನೋಡ್ಬೇಕಿತ್ತು," ಎಂದಳು ಮೆಲ್ಲಗೆ. ಅವನು ಊಟ ಹೇಗಿದೆ ಎಂದು ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

ನಾಡಿದ್ದು ಬಂತು. ಭಾವ ಸ್ಟೂಲು ಹತ್ತಿದ. ಮಾಸ್ಟರ್ ಅಳೆದ, ತಲೆಯಾಡಿಸಿದ. ಭಾವ ಭುಜ ಇಳಿಸಿದ, ಸೊಂಟ ಓರೆಯಾಯಿತು. ಸೊಂಟ ಸರಿಮಾಡಿದ, ಕತ್ತು ಉದ್ದವಾಯಿತು. ಸಾಧಾರಣವಾಗಿರಲು ಅವನು ಪಡುತ್ತಿದ್ದ ಪಾಡು ನೋಡಿ ಪಿನ್ನು ಚುಚ್ಚುವ ಹೆಂಗಸರು ಕಣ್ಣೊರೆಸಿಕೊಂಡರು.

ಮ್ಯಾನೇಜರ್ ನಿಟ್ಟುಸಿರು ಬಿಟ್ಟ. "ಸಾಕು ಬಿಡಪ್ಪಾ. ನಿನ್ನ ತಪ್ಪಲ್ಲ. ನಾಳೆಯಿಂದ ಬರಬೇಡ."

ಭಾವನ ಮೈಯಿಂದ ಏನೋ ಇಳಿದುಹೋಯಿತು. ಎದೆ ತಗ್ಗಿತು. ಭುಜ ಎರಡೂ ಒಂದೇ ಸಮ ಬಿದ್ದವು. ಹೊಟ್ಟೆ ತನ್ನ ಜಾಗಕ್ಕೆ ಬಂತು. ಕೈಗಳು ಯಾರದೋ ಕೈಗಳ ಹಾಗೆ ಪಕ್ಕದಲ್ಲಿ ತೂಗಿದವು.

"ಅಲ್ಲಾಡ್ಬೇಡ!" ಮಾಸ್ಟರ್ ಚೀರಿದ. "ಯಾರೂ ಮಾತಾಡ್ಬೇಡಿ!" ಟೇಪು ಹಾರಿತು. ಎದೆ ಸರಿ. ಸೊಂಟ ಸರಿ. ಬೆನ್ನು ಸರಿ. "ಇದೇ ಸಾರ್! ಇದೇ ಸಾಧಾರಣ!"

ಮ್ಯಾನೇಜರ್ ಕುಣಿದುಕೊಂಡು ಬಂದು, "ಸುಮ್ನೆ ಹೇಳಿದ್ದು ಕಣಯ್ಯಾ, ಕೆಲಸ ಎಲ್ಲೂ ಹೋಗಿಲ್ಲ!" ಎಂದು ಭಾವನನ್ನು ತಬ್ಬಿಕೊಂಡ. ಸಮಾಧಾನಕ್ಕೆ ಭಾವನ ಎದೆ ಮೇಲೇರಿತು. ಸ್ಯಾಂಪಲ್ ಅಂಗಿಗೆ ಹಾಕಿದ್ದ ಪಿನ್ನುಗಳೆಲ್ಲ ಕಿತ್ತುಬಂದವು.

ಅಲ್ಲಿಂದ ಕಾರ್ಖಾನೆಯಲ್ಲಿ ಹೊಸ ಪದ್ಧತಿ ಶುರುವಾಯಿತು. ಪ್ರತಿ ಹೊಸ ಅಂಗಿಗೂ ಮುಂಚೆ ಮ್ಯಾನೇಜರ್ ಭಾವನನ್ನು ಕೆಲಸದಿಂದ ತೆಗೆಯುತ್ತಾನೆ. ಮಾಸ್ಟರ್ ಅಳೆಯುತ್ತಾನೆ. ಅಳತೆ ಮುಗಿದ ಮೇಲೆ ವಾಪಸ್ ಸೇರಿಸಿಕೊಳ್ಳುತ್ತಾರೆ. ಭಾವ ಪ್ರತಿ ಸಲವೂ ನಂಬಬೇಕು. ನಂಬದಿದ್ದರೆ ಭುಜ ಇಳಿಯುವುದಿಲ್ಲ. ಅದಕ್ಕಾಗಿ ಮ್ಯಾನೇಜರ್ ನಟನೆ ಕಲಿತ. ಒಮ್ಮೆ ಬೈದು ತೆಗೆದ, ಒಮ್ಮೆ ಅತ್ತು ತೆಗೆದ, ಒಮ್ಮೆ ಹಾರ ಹಾಕಿ ಸನ್ಮಾನ ಮಾಡಿ ತೆಗೆದ. ಭಾವ ಪ್ರತಿ ಸಲವೂ ನಂಬಿದ. ಮನೆಗೆ ಬಂದು, "ಇವತ್ತು ಹೋಗಿತ್ತು, ಬಂತು," ಎನ್ನುತ್ತಿದ್ದ. ಅಕ್ಕ ಕರೆಂಟಿನ ಸುದ್ದಿ ಕೇಳಿದಷ್ಟೇ ನಿರ್ವಿಕಾರವಾಗಿ, "ಹೌದಾ, ಕೈ ತೊಳ್ಕೊಳ್ಳಿ," ಎನ್ನುತ್ತಿದ್ದಳು.

ಅಂಗಿಗಳು ಮಾತ್ರ ಬಿಸಿ ಬಿಸಿಯಾಗಿ ಖರ್ಚಾದವು. ಪೇದೆಗೂ ಸರಿ, ಬ್ಯಾಂಕಿನವನಿಗೂ ಸರಿ. ಮೇಷ್ಟ್ರು ಒಂದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತು, "ಯಾರೋ ನನ್ನನ್ನೇ ಅಳೆದು ಹೊಲಿದ ಹಾಗಿದೆಯಲ್ಲೋ!" ಎಂದು ಬೆರಗಾದರು. ಕೆಲಸ ಹೋದವನ ಅಳತೆಗೆ ಹೊಲಿದ ಅಂಗಿ ಊರಿಗೆಲ್ಲ ಇಷ್ಟು ಚೆನ್ನಾಗಿ ಕೂತದ್ದು ಯಾಕೆಂದು ಯಾರೂ ಕೇಳಲಿಲ್ಲ.

ಮೊನ್ನೆ ಮತ್ತೆ ಕರೆ ಬಂತು. ಭಾವನ ಹಿಂದೆ ನಾನೂ ಹೋದೆ. ಸ್ಯಾಂಪಲ್ ಕೋಣೆಯ ಮೂಲೆಯಲ್ಲಿ ಒಂದು ಬೊಂಬೆ ನಿಂತಿತ್ತು. ಫೈಬರಿನದು. ತಲೆ ಇಲ್ಲ. ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ಎದೆ ತಗ್ಗಿ, ಭುಜ ಎರಡೂ ಒಂದೇ ಸಮ ಬಿದ್ದಿದ್ದವು. ಎಲ್ಲಿ ನೋಡಿದ್ದರೂ ನಾನು ಗುರುತು ಹಿಡಿಯುತ್ತಿದ್ದೆ.

ಮ್ಯಾನೇಜರ್ ಈ ಸಲ ಬೈಯಲಿಲ್ಲ, ಅಳಲಿಲ್ಲ, ಹಾರ ತಂದಿರಲಿಲ್ಲ. ಕಿಟಕಿಯ ಕಡೆ ನೋಡಿಕೊಂಡು, "ನಾಳೆಯಿಂದ ಬರಬೇಡಪ್ಪಾ," ಎಂದಷ್ಟೇ ಹೇಳಿದ.

ಭಾವನ ಮೈ ಇಳಿಯಿತು. ಅವನು ಸರಸರನೆ ಸ್ಟೂಲು ಹತ್ತಿ, ಕೈಗಳನ್ನು ಟೇಪು ಹೋಗುವಷ್ಟು ದೂರ ಹಿಡಿದು, ಅಲ್ಲಾಡದೆ ನಿಂತ.

ಮಾಸ್ಟರ್ ಕೊರಳಿನಿಂದ ಟೇಪು ತೆಗೆದ. ಸುತ್ತಿದ. ಜೇಬಿಗೆ ಹಾಕಿಕೊಂಡ. ಮೊದಲ ಸಲ ಭಾವನ ಮುಖ ನೋಡಿದ.

"ಬೇಗ ಅಳೀರಿ ಮಾಸ್ಟರ್," ಎಂದ ಭಾವ, ತುಟಿ ಕೂಡ ಕದಲಿಸದೆ. "ಈ ಸಲ ತುಂಬಾ ಚೆನ್ನಾಗಿ ಬಂದಿದೆ."